ಸಾಲಿನ ಕೊನೆಯ ಹದಿಮೂರು

ಪುಣೆಯ ಕೋಥ್ರೂಡಿನಲ್ಲಿ ಭಾನುವಾರ ಸೇರಿ ಲಿನಕ್ಸ್ ಕಲಿಯುವ ನಮ್ಮ ಗುಂಪಿಗಾಗಿ ಈ ಟಿಪ್ಪಣಿ. ರಾಜ್ಯೋತ್ಸವದ ಊಟಕ್ಕೆ ಹೆಸರು ಕೊಟ್ಟವರ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ) ಪಟ್ಟಿ ವಿಂಡೋಸ್ ಲ್ಯಾಪ್‌ಟಾಪಿನಿಂದ ಬಂತು: ಹೆಸರು, ಎಷ್ಟು ಜನ, ಬಡಾವಣೆ. ಲಿನಕ್ಸ್‌ನಲ್ಲಿ ‘ಕೋಥ್ರೂಡ್’ ಎಂದು ಮುಗಿಯುವ ಸಾಲುಗಳನ್ನು ಗ್ರೆಪ್ ಎಂಬ ಹುಡುಕುವ ಆಜ್ಞೆಯಿಂದ ಹುಡುಕಿದರೆ ಸೊನ್ನೆ. ಪರದೆಯ ಮೇಲೆ ನೋಡಿದರೆ ಹನ್ನೊಂದು ಸಾಲುಗಳು ಕಾಣುತ್ತಿವೆ!

ಲಿನಕ್ಸ್ ಮತ್ತು ಇಂದಿನ ಮ್ಯಾಕ್ ಸಾಲಿನ ಕೊನೆಗೆ 10 ಎಂಬ ಒಂದೇ ಬೈಟ್ ಇಡುತ್ತವೆ; ವಿಂಡೋಸ್ ಮಾತ್ರ 13 ಮತ್ತು 10 ಎಂಬ ಎರಡು ಬೈಟ್‌ಗಳನ್ನು ಇಡುತ್ತದೆ. ಇದು ಟೆಲಿಟೈಪ್ (ತಂತಿಯಲ್ಲಿ ಬಂದ ಸಂದೇಶವನ್ನು ಅಚ್ಚೊತ್ತುವ ಯಂತ್ರ) ಕಾಲದ ಬಳುವಳಿ. 13 ಬಂದರೆ ಅಚ್ಚೊತ್ತುವ ತಲೆ ಎಡತುದಿಗೆ ಮರಳುತ್ತಿತ್ತು, 10 ಬಂದರೆ ಕಾಗದ ಒಂದು ಸಾಲು ಸರಿಯುತ್ತಿತ್ತು. ನಮ್ಮ ‘ಕೋಥ್ರೂಡ್’ ಬೆನ್ನಿಗೆ ಆ 13 ಅಂಟಿಕೊಂಡಿತ್ತು. ಕಡತದ ಮೇಲೆ ‘ಫೈಲ್’ ಆಜ್ಞೆ ಓಡಿಸಿದರೆ ಗುಟ್ಟು ಹೊರಬೀಳುತ್ತದೆ. ಆ 13 ಅನ್ನು ‘ಟಿಆರ್’ ಆಜ್ಞೆಯಿಂದ ಅಳಿಸಿದೆವು.

ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ತಪ್ಪಾದರೆ ಅದು ಕನ್ನಡದಲ್ಲಿ ಹೀಗೆ ಅಡಗಿ ಕೂರುವುದಿಲ್ಲ, ಕೂಗಿ ಹೇಳುತ್ತದೆ. ಇಂಗ್ಲಿಷ್ ಅಕ್ಷರಗಳಿಗೆ ಎಲ್ಲ ಭಾಷೆಗಳಿಗೂ ಒದಗುವ ಯುಟಿಎಫ್-8ರಲ್ಲೂ ವಿಂಡೋಸಿನ ಹಳೆಯ ಪದ್ಧತಿಯಾದ ವಿಂಡೋಸ್-1252ರಲ್ಲೂ ಅದೇ ಬೈಟ್, ಆದ್ದರಿಂದ ಇಂಗ್ಲಿಷ್ ಮಾತ್ರ ಬರೆಯುವವರಿಗೆ ತಪ್ಪು ಗೊತ್ತೇ ಆಗುವುದಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ‘ಕನ್ನಡ’ ಎಂಬುದರಲ್ಲಿ ಕ, ನ, ವಿರಾಮ (ಅರ್ಧಾಕ್ಷರದ ಚಿಹ್ನೆ), ನ, ಡ ಎಂಬ ಐದು ಸಂಕೇತಗಳಿವೆ, ಒಟ್ಟು 15 ಬೈಟ್.

ಕಲಸುಮೇಲೋಗರದಲ್ಲಿಯೂ ಎರಡು ಜಾತಿಗಳಿವೆ, ಗುರುತು ಹಿಡಿಯಲು ಕಲಿಯಿರಿ. ತಲೆಯ ಮೇಲೆ ಗೀರಿರುವ ಇಂಗ್ಲಿಷಿನ ಸಣ್ಣ ‘ಎ’ (à), ಅದರ ಪಕ್ಕದಲ್ಲಿ ವರ್ಗದ 2 ಅಥವಾ ಘನದ 3 ಮತ್ತೆ ಮತ್ತೆ ಕಂಡರೆ, ಅದು ಯುಟಿಎಫ್-8 ಕಡತವನ್ನು ವಿಂಡೋಸ್-1252 ಎಂದು ಓದಿದ ಫಲ. ಸೇವ್ ಮಾಡಬೇಡಿ; ಮುಚ್ಚಿ, ಸರಿಯಾದ ಎನ್‌ಕೋಡಿಂಗ್‌ನಲ್ಲಿ ತೆರೆಯಿರಿ. ಪೌಂಡ್ ಚಿಹ್ನೆ, ಗೀರಿರುವ ದೊಡ್ಡ ‘ಎ’ಗಳು (À) ಕಂಡರೆ ಅದು ಬಹುತೇಕ ಹಳೆಯ ನುಡಿ ಅಥವಾ ಬರಹ ಫಾಂಟಿನ ಪಠ್ಯ. ಅಲ್ಲಿ ಕನ್ನಡ ಇರುವುದು ಫಾಂಟಿನ ಚಿತ್ರದಲ್ಲಿ ಮಾತ್ರ. ಎನ್‌ಕೋಡಿಂಗ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ, ಪರಿವರ್ತಕವೇ ಬೇಕು. ಇದು ತಿಳಿಯದೆ ನಾನು ಒಂದು ಸಂಜೆಯನ್ನೇ ಕಳೆದೆ.

13 ಹೋದ ಮೇಲೂ ಪಟ್ಟಿಯನ್ನು ಓದಲು ಬರೆದ ಪೈಥಾನ್ ಪ್ರೋಗ್ರಾಂ ‘ಹೆಸರು’ ಎಂಬ ಕಾಲಂ ಇಲ್ಲವೆಂದು ಹಠ ಹಿಡಿಯಿತು. ಕಡತದ ಮೊದಲಿಗೆ 239, 187, 191 ಎಂಬ ಮೂರು ಬೈಟ್‌ಗಳಿದ್ದವು; ಕಡತ ಯುಟಿಎಫ್-8ರಲ್ಲಿದೆ ಎಂದು ಸೂಚಿಸುವ ಈ ಗುರುತನ್ನೇ ಬಾಮ್ ಎನ್ನುವುದು. ಅದು ‘ಹೆಸರು’ ಎಂಬುದರ ಮುಂದೆ ಅಂಟಿಕೊಂಡಿತ್ತು. ತೆರೆಯುವಾಗ ‘ಯುಟಿಎಫ್-8-ಸಿಗ್’ ಎಂದು ಕೊಟ್ಟ ಮೇಲೆ ಸುಮ್ಮನಾಯಿತು. ಆದರೆ ಬಾಮ್ ಇಲ್ಲದ ಸಿಎಸ್‌ವಿಯನ್ನು ನೇರವಾಗಿ ತೆರೆದರೆ ಎಕ್ಸೆಲ್ ಅನೇಕ ಸಲ ಕನ್ನಡವನ್ನು ಕೆಡಿಸುತ್ತದೆ. ಹಾಗಾಗಿ ಖಜಾಂಚಿಗೆ ಪಟ್ಟಿಯನ್ನು ಮರಳಿಸುವಾಗ ಆ ಮೂರು ಬೈಟ್‌ಗಳನ್ನು ನಾವೇ ಮತ್ತೆ ಸೇರಿಸಿದೆವು.