ಯುದ್ಧವಿರೋಧಿ ಚಿತ್ರಗಳಿಗೆ ಆಳುವವರೇಕೆ ಅಂಜಿದರು?

ಯುದ್ಧವನ್ನು ಪ್ರಶ್ನಿಸಿದ ಯಾವ ಚಿತ್ರವೂ ಯುದ್ಧವನ್ನು ತಡೆಯಲಿಲ್ಲ ಎಂಬ ಆಕ್ಷೇಪ ಹಳೆಯದು. ಯುದ್ಧವನ್ನು ತೆರೆಯ ಮೇಲೆ ತಂದೊಡನೆ ಅದು ರೋಚಕವಾಗಿಬಿಡುತ್ತದೆ ಎಂಬ ಅನುಮಾನ ಫ್ರೆಂಚ್ ನಿರ್ದೇಶಕ ತ್ರೂಫೋಗೂ ಇತ್ತು. ಆದರೆ ಈ ಚಿತ್ರಗಳನ್ನು ತಡೆಯಲು ಹೊರಟವರಿಗೆ ಅಂಥ ಅನುಮಾನವೇನೂ ಇದ್ದಂತಿಲ್ಲ.

ಜರ್ಮನ್ ಲೇಖಕ ರೆಮಾರ್ಕ್ ಮೊದಲ ಮಹಾಯುದ್ಧದ ಕುರಿತು ಬರೆದ ಕಾದಂಬರಿಯನ್ನಾಧರಿಸಿ ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶಿಸಿದ ‘ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್’ 1930ರ ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ತೆರೆಕಂಡಾಗ, ಗೋಬೆಲ್ಸ್‌ನ ಮುಂದಾಳತ್ವದಲ್ಲಿ ನಾಜಿಗಳು ದುರ್ನಾತದ ಬಾಂಬುಗಳನ್ನೆಸೆದು, ಚಿತ್ರಮಂದಿರದೊಳಗೆ ಬಿಳಿ ಇಲಿಗಳನ್ನು ಹರಿಯಬಿಟ್ಟು ಪ್ರದರ್ಶನ ಕೆಡಿಸಿದರು. ಹಿಟ್ಲರ್ ಇನ್ನೂ ಅಧಿಕಾರಕ್ಕೆ ಬಂದಿರಲಿಲ್ಲ. ಆದರೂ ಕೆಲವೇ ದಿನಗಳಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು. ಅವರನ್ನು ಕೆರಳಿಸಿದ್ದೇನೆಂದು ತಿಳಿಯಬೇಕಾದರೆ ಗುಂಡಿಯೊಳಗಿನ ಆ ಒಂದು ದೃಶ್ಯವನ್ನು ನೋಡಬೇಕು: ತಾನೇ ಇರಿದ ಫ್ರೆಂಚ್ ಸೈನಿಕ ಪಕ್ಕದಲ್ಲಿ ನರಳಿ ಸಾಯುವುದನ್ನು ಜರ್ಮನ್ ಹುಡುಗ ನೋಡುತ್ತಾನೆ, ಅವನ ಕ್ಷಮೆ ಬೇಡುತ್ತಾನೆ, ಅವನ ಜೇಬಿನಲ್ಲಿ ಹೆಂಡತಿ ಮತ್ತು ಮಗಳ ಭಾವಚಿತ್ರವನ್ನು ಕಾಣುತ್ತಾನೆ. ಶತ್ರುವಿಗೊಂದು ಹೆಸರೂ ಸಂಸಾರವೂ ದೊರೆತ ಮೇಲೆ ಕದನೋತ್ಸಾಹ ಉಳಿಯುವುದು ಕಷ್ಟ.

ಝಾನ್ ರೆನ್ವಾರ್‌ನ ‘ಗ್ರ್ಯಾಂಡ್ ಇಲ್ಯೂಷನ್’ (1937) ಚಿತ್ರದ ಮೂಲ ನೆಗೆಟಿವನ್ನು ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸನ್ನು ಆಕ್ರಮಿಸಿದ ಜರ್ಮನರು ಬರ್ಲಿನ್‌ಗೆ ಒಯ್ದರು. ಅಲ್ಲಿಂದ ಮಾಸ್ಕೋಗೆ ಹೋದ ಅದು 1960ರ ದಶಕದಲ್ಲಿ ಫ್ರಾನ್ಸ್‌ನ ತುಲೂಸ್‌ಗೆ ಮರಳಿದರೂ ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಫ್ರೆಂಚ್ ಸೇನಾಧಿಕಾರಿಗಳ ಕ್ರೌರ್ಯವನ್ನು ತೋರಿದ, ಅಮೆರಿಕದ ನಿರ್ದೇಶಕ ಕುಬ್ರಿಕ್‌ನ ‘ಪಾತ್ಸ್ ಆಫ್ ಗ್ಲೋರಿ’ (1957) ಫ್ರಾನ್ಸ್‌ನಲ್ಲಿ ತೆರೆಕಂಡದ್ದು 1975ರಲ್ಲಿ.

ಚಿತ್ರವೊಂದು ಉಳಿಯುವುದು ಭಂಡಾರಗಳಿಂದ ಎಂಬುದನ್ನು ಪುಣೆಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಇಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನ ಪಿ.ಕೆ. ನಾಯರ್ ಮತ್ತು ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅವರು ಹೆಗ್ಗೋಡಿನ ನೀನಾಸಮ್‌ವರೆಗೂ ಹೋಗಿ, ಜಗತ್ತಿನ ಚಿತ್ರಗಳನ್ನು ನೋಡುವ ಬಗೆಯನ್ನು ಕಲಿಸಿದರು.

ನಮ್ಮ ಕಾಲದ ತಕರಾರು ಮುಂಬಯಿಯಲ್ಲೇ ನಡೆಯಿತು. 1998ರಲ್ಲಿ ಭಾರತ ಮತ್ತು ಪಾಕಿಸ್ತಾನ ನಡೆಸಿದ ಅಣ್ವಸ್ತ್ರ ಪರೀಕ್ಷೆಗಳ ಹಿನ್ನೆಲೆಯಲ್ಲಿ ಆನಂದ ಪಟವರ್ಧನ್ ತೆಗೆದ ‘ಜಂಗ್ ಔರ್ ಅಮನ್’ ಸಾಕ್ಷ್ಯಚಿತ್ರದ ಹಲವು ಭಾಗಗಳಿಗೆ ಕತ್ತರಿ ಹಾಕಬೇಕೆಂದು ಸೆನ್ಸಾರ್ ಮಂಡಳಿ ಪಟ್ಟುಹಿಡಿಯಿತು. ನಿರ್ದೇಶಕರು ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಿದರು. 2003ರಲ್ಲಿ ಬಾಂಬೆ ಹೈಕೋರ್ಟ್ ಒಂದು ದೃಶ್ಯವನ್ನೂ ಕತ್ತರಿಸದೆ ಅದಕ್ಕೆ ಪ್ರಮಾಣಪತ್ರ ಕೊಡಬೇಕೆಂದು ಆದೇಶಿಸಿತು.