35 ರೂಪಾಯಿ ಲೆಕ್ಕ ಮತ್ತು ನಮ್ಮ ಯುವಕ ಮಂಡಲಗಳು

ನಮ್ಮೂರಿನ ಯುವಕ ಮಂಡಲದಲ್ಲಿ ನನ್ನನ್ನು ಖಜಾಂಚಿ ಮಾಡಿದಾಗ ನನಗೆ 19 ವರ್ಷ. ವಾಲಿಬಾಲ್ ಪಂದ್ಯ ಮುಗಿಸಿ ಮಹಾಸಭೆಯಲ್ಲಿ ಲೆಕ್ಕ ಓದಿದೆ. 35 ರೂಪಾಯಿ ತಾಳೆಯಾಗಲಿಲ್ಲ. ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದು, "ಅದು ಎಲ್ಲಿಗೆ ಹೋಯ್ತು ಮಾರಾಯಾ?" ಅಂದರು. ಬೆವತುಬಿಟ್ಟೆ. ಅಂಗಳಕ್ಕೆ ಗೆರೆ ಎಳೆಯಲು ತಂದ ಸುಣ್ಣದ ಪುಡಿಗೆ ಚೀಟಿ ಇಟ್ಟಿರಲಿಲ್ಲ, ಅಷ್ಟೇ. ಆದರೆ ಎಲ್ಲರ ಮುಂದೆ ನಿಂತು ಅದನ್ನು ಹೇಳಿ ಒಪ್ಪಿಸಬೇಕಿತ್ತಲ್ವಾ? ಆಮೇಲೆ ಯಾವ ಸಭೆಯಲ್ಲೂ ನನಗೆ ಬಾಯಿ ಕಟ್ಟಿಲ್ಲ.

ಹಳ್ಳಿ ಹುಡುಗರನ್ನು ಹೀಗೆ ಸಂಘ ಕಟ್ಟಿಸುವ ಯೋಚನೆಗೆ ಹಳೇ ಕಥೆಯಿದೆ. 1902ರಲ್ಲಿ ಅಮೆರಿಕದ ಓಹಾಯೊದಲ್ಲಿ ಎ.ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ಮಕ್ಕಳ ಕೃಷಿ ಕ್ಲಬ್ ಶುರು ಮಾಡಿದರು. ಹಳ್ಳಿ ಮಕ್ಕಳು ಬೇಸಾಯ, ಮನೆಕೆಲಸಗಳನ್ನು ಮಾಡಿ ಕಲಿಯುವ ಫೋರ್-ಎಚ್ ಎಂಬ ಕ್ಲಬ್ಬುಗಳ ಬೇರು ಅಲ್ಲಿದೆ. ಹೊಸ ಬೇಸಾಯ ಅಂದರೆ ದೊಡ್ಡವರು ಸುಲಭಕ್ಕೆ ನಂಬುತ್ತಿರಲಿಲ್ಲ, ಮಕ್ಕಳು ಮಾಡಿ ತೋರಿಸಿದರೆ ಮಾತ್ರ ತಿರುಗಿ ನೋಡುತ್ತಿದ್ದರು. ನಮ್ಮಲ್ಲಿ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಬಂತು. ಊರೂರಿಗೆ ಬಂದ ಗ್ರಾಮಸೇವಕರಿಗೂ ಇಂಥದೇ ಹುಡುಗರ ಗುಂಪು ಬೇಕಿತ್ತು, ಯುವಕ ಮಂಡಲಗಳಿಗೆ ಸರ್ಕಾರದ ಬೆಂಬಲ ಸಿಕ್ಕಿದ್ದು ಹಾಗೆ.

ಆದರೆ ನಮ್ಮ ಮಲೆನಾಡು, ಸರ್ಕಾರ ಬರಲಿ ಅಂತ ಕಾದು ಕೂತಿರಲಿಲ್ಲ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ ಎಂಬ ನಾಟಕದ ಸಂಘ ಹುಟ್ಟಿದ್ದು 1949ರಲ್ಲಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕೆ.ವಿ. ಸುಬ್ಬಣ್ಣ ಹುಟ್ಟಿದ್ದು 1932ರಲ್ಲಿ, ಅಂದರೆ ಆಗ ಅವರಿಗೆ 17! ಅಡಿಕೆ ತೋಟದ ಊರಿನ ಈ ಸಂಘ ಮುಂದೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೇ ತೆರೆಯಿತು.

ನಾಟಕ ಇಲ್ಲದ ಊರಿನಲ್ಲಿ ಹುಡುಗರನ್ನು ಸೇರಿಸಲು ಕಾಲುಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ ಇತ್ತು. ಇಲ್ಲಿ ಮನೆಗಳು ದೂರ ದೂರ, ನಡುವೆ ಹಳ್ಳ. ಮಳೆಗಾಲಕ್ಕೆ ಮೊದಲು ಅಡಿಕೆ ಮರ ಕಡಿದು, ಹೊತ್ತು ತಂದು, ಜೋಡಿಸಿ ಬಿಗಿದು ಸಂಕ ಹಾಕದಿದ್ದರೆ ಮಕ್ಕಳು ಶಾಲೆಗೆ ಹೋಗುವ ಹಾಗಿಲ್ಲ. ಯಾರ ತೋಟದ ಮರ, ಯಾರ ಮನೆಯಲ್ಲಿ ಊಟ, ಬರದವರನ್ನು ಏನು ಮಾಡುವುದು ಅಂತ ತೀರ್ಮಾನಿಸುವಷ್ಟರಲ್ಲಿ ಅರ್ಧ ಪಂಚಾಯಿತಿ ನಡೆಸಿದ ಅನುಭವ ಆಗಿರುತ್ತಿತ್ತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅನ್ನುವುದನ್ನೂ ನಾನು ಕಲಿತದ್ದು ಮಂಡಲದ ಗೆಳೆಯರ ಜೊತೆ ಡ್ರಮ್ಮು ಕಲಕುತ್ತಲೇ.

ಕಾಗದದ ಕೆಲಸವೂ ಪಾಠವೇ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಬೇಕು, ಬೈಲಾ ಬೇಕು, ವರ್ಷಕ್ಕೊಮ್ಮೆ ಮಹಾಸಭೆ ಆಗಬೇಕು. 1972ರಲ್ಲಿ ಹಳ್ಳಿ ಯುವಜನರಿಗಾಗಿ ಕೇಂದ್ರ ಸರ್ಕಾರದ ನೆಹರು ಯುವ ಕೇಂದ್ರಗಳು ಶುರುವಾದವು. 1987ರಲ್ಲಿ ಅವು ಸ್ವಾಯತ್ತ ಸಂಘಟನೆಯಾದವು. ಅದೇ ವರ್ಷ ರಾಜ್ಯದಲ್ಲಿ ಮಂಡಲ ಪಂಚಾಯಿತಿ (ಕೆಲವು ಹಳ್ಳಿ ಸೇರಿದ ಆಗಿನ ಪಂಚಾಯಿತಿ) ಚುನಾವಣೆಯೂ ನಡೆಯಿತು. ಮಹಿಳೆಯರಿಗೆ ಶೇ. 25 ಮೀಸಲಾತಿ ಇತ್ತು. ಸಭೆ ಕರೆದು, ನಡಾವಳಿ ಬರೆದು ಗೊತ್ತಿದ್ದವರಿಗೆ ಇಂಥ ಕಡೆ ಕೈ ನಡುಗುವುದಿಲ್ಲ. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಾಗ, ಮಂಡಲದ 18 ತುಂಬಿದ ಹುಡುಗರಿಗೂ ಮತ ಬಂತು.

ಹುಡುಗಿಯರ ವಿಷಯಕ್ಕೆ ಬಂದರೆ, ನಿಜ ಹೇಳಬೇಕು, ನಮ್ಮ ಮಂಡಲ ಹೆಸರಿಗೆ ತಕ್ಕಂತೆ ಯುವಕರದ್ದೇ ಆಗಿತ್ತು. ಹುಡುಗಿಯರಿಗೆ ಸಿಕ್ಕಿದ್ದು ರಂಗೋಲಿ ಸ್ಪರ್ಧೆ ಮತ್ತು ಸ್ವಾಗತಗೀತೆ. ಲೆಕ್ಕದ ಪುಸ್ತಕ ಅವರ ಕೈಗೆ ಹೋಗಲೇ ಇಲ್ಲ. ಅದು ನಮ್ಮ ತಪ್ಪೇ.

2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ 15ರಿಂದ 29 ವರ್ಷದವರಿಗಾಗಿ 'ಮೈ ಭಾರತ್' ಎಂಬ ಯುವಜನ ವೇದಿಕೆ ಶುರು ಮಾಡಿತು. ಮೊಬೈಲಿನಲ್ಲೇ ಹೆಸರು ಬರೆಸಬಹುದು. ಒಳ್ಳೆಯದೇ. ಆದರೆ ನಮ್ಮೂರಿನ ಆ ವಯಸ್ಸಿನವರು ಜಾಸ್ತಿ ಇರುವುದು ಬೆಂಗಳೂರಿನಲ್ಲಿ. ಹೋದ ಮೇ ತಿಂಗಳಲ್ಲಿ ಸಂಕ ಹಾಕಲು ಐದು ಜನ ಸೇರಿದೆವು. ಅದರಲ್ಲಿ ಇಬ್ಬರಿಗೆ ಐವತ್ತು ದಾಟಿತ್ತು, ಒಬ್ಬ ಶನಿವಾರ ರಾತ್ರಿ ಬಸ್ಸಿಗೆ ಬಂದು ಭಾನುವಾರ ರಾತ್ರಿ ಬಸ್ಸಿಗೆ ವಾಪಸ್ ಹೋದ. ಖರ್ಚಿನ ಲೆಕ್ಕ ಬರೆದವಳು ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗಿ. ಹಗ್ಗದ ಚೀಟಿ ಎಲ್ಲಿ ಅಂತ ನನ್ನನ್ನೇ ಕೇಳಿದಳು.