ಓದಿದವರೂ ಕೇಳಿದ್ದನ್ನೆಲ್ಲ ನಂಬುವುದೇಕೆ?

ಪ್ರಶ್ನೆ: ಪದವೀಧರರ ಸಂಖ್ಯೆ ಹೆಚ್ಚಿದೆ, ಮಾಹಿತಿಗೂ ಕೊರತೆಯಿಲ್ಲ. ಆದರೂ ವಿದ್ಯಾರ್ಥಿಗಳಲ್ಲಿಯೂ ಸಮಾಜದಲ್ಲಿಯೂ ವಿಮರ್ಶಾತ್ಮಕ ಚಿಂತನೆ ಕುಗ್ಗುತ್ತಿರುವುದೇಕೆ?

ಉತ್ತರ: ವಿಚಾರ ಮಾಡಿ ನಂಬುವುದು ಮನುಷ್ಯನ ಸಹಜ ಗುಣವೆಂದೂ ಅದೀಗ ಕಳೆದುಹೋಗುತ್ತಿದೆಯೆಂದೂ ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ನಮ್ಮ ನಂಬಿಕೆಯನ್ನು ನಾವೇ ಪರೀಕ್ಷೆಗೆ ಒಡ್ಡುವುದು ಅಭ್ಯಾಸದಿಂದ ಮಾತ್ರ ಬರುವಂಥದ್ದು. ಆ ಅಭ್ಯಾಸ ಮಾಡಿಸುವವರಿಲ್ಲದ ಕಡೆ ಅದು ಮೂಡುವುದೇ ಇಲ್ಲ.

ಮನೋವಿಜ್ಞಾನಿ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. 2, 4, 6 ಎಂಬ ಸಂಖ್ಯೆಗಳು ಒಂದು ನಿಯಮಕ್ಕೆ ಒಳಪಟ್ಟಿವೆ, ನಿಮ್ಮದೇ ಸಂಖ್ಯೆಗಳನ್ನು ಹೇಳಿ ಆ ನಿಯಮವನ್ನು ಪತ್ತೆಹಚ್ಚಿ ಎಂದು ಆತ ವಿದ್ಯಾರ್ಥಿಗಳಿಗೆ ಸೂಚಿಸಿದರು. ಎರಡೆರಡಾಗಿ ಏರುವುದೇ ನಿಯಮವೆಂದು ಊಹಿಸಿದವರು 8, 10, 12 ಎಂದು ಕೇಳಿ, ಸರಿ ಎಂಬ ಉತ್ತರ ಪಡೆದು, ತಮ್ಮ ಊಹೆ ಖಚಿತವಾಯಿತೆಂದುಕೊಂಡರು. ನಿಜವಾದ ನಿಯಮ ಏರಿಕೆಯ ಕ್ರಮದಲ್ಲಿರುವ ಯಾವುದೇ ಮೂರು ಸಂಖ್ಯೆಗಳು ಎಂದಷ್ಟೇ ಆಗಿತ್ತು. 1, 2, 9 ಎಂದು ಕೇಳಿದ್ದರೆ ಊಹೆ ಅಲ್ಲಿಯೇ ಮುರಿದುಬೀಳುತ್ತಿತ್ತು. ಆದರೆ ತಮ್ಮ ಊಹೆಯನ್ನು ಮುರಿಯಬಲ್ಲ ಪ್ರಶ್ನೆಯನ್ನು ಕೇಳಬೇಕೆಂದು ಹೆಚ್ಚಿನವರಿಗೆ ತೋಚಲಿಲ್ಲ. 29 ಮಂದಿಯಲ್ಲಿ ಮೊದಲ ಘೋಷಣೆಯಲ್ಲಿಯೇ ಸರಿಯುತ್ತರ ಕೊಟ್ಟವರು 6 ಮಂದಿ. ಆ 29 ಮಂದಿಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವರೆಂಬುದನ್ನು ಗಮನಿಸಬೇಕು.

ಈ ಸ್ವಭಾವವನ್ನು ತಿದ್ದಬೇಕಾದ ಶಿಕ್ಷಣ ಹಲವೆಡೆ ಅದನ್ನೇ ಪೋಷಿಸುತ್ತಿದೆ. ಪಠ್ಯದ ವಾಕ್ಯವನ್ನು ಯಥಾವತ್ತಾಗಿ ಬರೆದವರಿಗೆ ಪೂರ್ಣ ಅಂಕ ಸಿಗುವಾಗ, ಈ ವಾಕ್ಯ ನಿಜವೆಂದು ಹೇಗೆ ತಿಳಿಯಿತು ಎಂದು ಕೇಳುವುದು ಬುದ್ಧಿವಂತ ವಿದ್ಯಾರ್ಥಿಗೂ ಸಮಯದ ನಷ್ಟವಾಗಿ ಕಾಣುತ್ತದೆ. ನಿಗದಿತ ಅವಧಿಯಲ್ಲಿ ಪಾಠ ಮುಗಿಸಲೇಬೇಕಾದ ಶಿಕ್ಷಕರನ್ನೊಬ್ಬರನ್ನೇ ಇದಕ್ಕೆ ದೂರುವುದು ಅನ್ಯಾಯ.

ಶಾಲೆಯ ಹೊರಗೆ ಪುನರಾವರ್ತನೆಯ ಪ್ರಭಾವ ದೊಡ್ಡದು. ಪದೇ ಪದೇ ಕೇಳಿದ ಹೇಳಿಕೆಯು ಸುಳ್ಳಾಗಿದ್ದರೂ ಹೆಚ್ಚು ನಿಜವೆನಿಸುತ್ತದೆ ಎಂಬುದು 1977ರಲ್ಲಿಯೇ ಪ್ರಯೋಗದಿಂದ ತಿಳಿದುಬಂದಿತ್ತು. ಇಂದು ಒಂದೇ ಸಂದೇಶ ಹತ್ತು ಗುಂಪುಗಳಿಂದ ಒಬ್ಬನ ಮೊಬೈಲಿಗೆ ಬರುತ್ತದೆ. 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಪ್ರಾಯೋಜಿತ ಎಂದು ಸ್ಪಷ್ಟವಾಗಿ ನಮೂದಿಸಿದ್ದ ಜಾಹೀರಾತನ್ನು ಅಮೆರಿಕದ ಮಾಧ್ಯಮಿಕ ಶಾಲಾ ವಿದ್ಯಾರ್ಥಿಗಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಸುದ್ದಿಯೆಂದೇ ನಂಬಿದ್ದರು.

ಅದೇ ವಿಶ್ವವಿದ್ಯಾಲಯದ ಇನ್ನೊಂದು ಅಧ್ಯಯನ ನನಗೆ ಭರವಸೆ ಕೊಡುತ್ತದೆ. ಅಪರಿಚಿತ ಜಾಲತಾಣವೊಂದು ಎಷ್ಟು ನಂಬಲರ್ಹವೆಂದು ಅಳೆಯಲು ಹೇಳಿದಾಗ ವಿದ್ಯಾರ್ಥಿಗಳಷ್ಟೇ ಅಲ್ಲ, ಇತಿಹಾಸಕಾರರಲ್ಲಿಯೂ ಅನೇಕರು ಅದೇ ಪುಟವನ್ನು ಗಮನವಿಟ್ಟು ಓದುತ್ತ ಮೋಸಹೋದರು; ಸುದ್ದಿಗಳ ಸತ್ಯಾಸತ್ಯತೆಯನ್ನು ಪರಿಶೀಲಿಸುವುದೇ ವೃತ್ತಿಯಾಗಿದ್ದವರು ಮಾತ್ರ ಕೂಡಲೇ ಆ ಪುಟವನ್ನು ಬಿಟ್ಟು, ಅದರ ಹಿಂದಿರುವವರು ಯಾರೆಂದು ಬೇರೆಡೆ ಹುಡುಕಿದರು. ಇದು ಯಾವ ತರಗತಿಯಲ್ಲಿಯೂ ಕಲಿಸಬಹುದಾದ ಕೌಶಲ. ಆದರೆ ವಿಷಯಜ್ಞಾನವಿಲ್ಲದೆ ಬರಿಯ ತರ್ಕದ ಸೂತ್ರಗಳನ್ನು ಕಲಿಸಿದರೆ ಸಾಲದು, ಏಕೆಂದರೆ ಏನೂ ತಿಳಿಯದ ವಿಷಯದಲ್ಲಿ ಎಲ್ಲಿ ಸಂದೇಹಪಡಬೇಕೆಂಬುದೂ ತಿಳಿಯುವುದಿಲ್ಲ. ಆದ್ದರಿಂದ ಪ್ರತ್ಯೇಕ ವಿಷಯವೊಂದನ್ನು ಸೇರಿಸುವುದಕ್ಕಿಂತ, ಇರುವ ವಿಜ್ಞಾನ, ಇತಿಹಾಸದ ಪರೀಕ್ಷೆಗಳಲ್ಲಿಯೇ ಪರಸ್ಪರ ವಿರುದ್ಧವಾದ ಎರಡು ವಿವರಣೆಗಳನ್ನು ಕೊಟ್ಟು, ಯಾವುದು ಹೆಚ್ಚು ನಂಬಲರ್ಹ, ಯಾವ ಪುರಾವೆ ಸಿಕ್ಕರೆ ನಿಮ್ಮ ತೀರ್ಮಾನ ಬದಲಾದೀತು ಎಂದು ಕೇಳಿ, ಕೊಟ್ಟ ಕಾರಣಗಳಿಗೆ ಅಂಕ ನೀಡುವುದು ಹೆಚ್ಚು ಫಲಕಾರಿ.